ಕಣ್ಣಿಗೆ ಕಾಣುವ ಜಾಯಿಂಟು

ಕಾರಿನಡಿ ಮಲಗಿದ್ದರೂ ಜವರಪ್ಪ ಅಲ್ಲಿಂದಲೇ ಬೈಯುತ್ತಿರಲಿಲ್ಲ. ತೆವಳಿಕೊಂಡು ಹೊರಗೆ ಬಂದು, ಎದ್ದು, ಎದುರಿಗೆ ನಿಂತು, ಆಮೇಲೆ ಬೈಯುತ್ತಿದ್ದ. ಹೊಳೆನರಸೀಪುರದ ಅವನ ಗ್ಯಾರೇಜಿಗೆ ಹೋದ ಮೊದಲ ದಿನವೇ ನನಗೂ ಆ ಮರ್ಯಾದೆ ಸಿಕ್ಕಿತು. "ಏನ್ ಮೇಷ್ಟ್ರೇ, ಕಾಲೇಜ್ನಾಗೆ ಐಕ್ಳ ತಲೆ ತಿಂದಿದ್ದು ಸಾಲ್ದು ಅಂತ ಇಲ್ಲಿಗೆ ಬಂದ್ರಾ?" ನನಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ; ಇವತ್ತಿಗೂ ಆಗುವುದಿಲ್ಲ. ಆ ಸಿಟ್ಟು ಈ ಬರಹದಲ್ಲಿ ಯಾವುದಕ್ಕೆಲ್ಲ ಬಣ್ಣ ಬಳಿಯುತ್ತಿದೆಯೋ ಗೊತ್ತಿಲ್ಲ.

ಕಾರು ನನ್ನ ತಂಗಿ ಶೈಲಜಳದು. ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು. ಅದರಲ್ಲಿ ರ‍್ಯಾಲಿಗೆ ಹೋಗಬೇಕೆಂಬುದು ಅವಳ ಆಸೆ. ಮುಂದಿದ್ದ ಎಂಜಿನ್ ತೆಗೆಸಿ ದೊಡ್ಡದೊಂದನ್ನು ಸೀಟುಗಳ ಹಿಂದೆ ಕೂರಿಸಿದ್ದಳು. ರೇಡಿಯೇಟರ್ ಮುಂದೆಯೇ ಉಳಿಯಿತು. ಕುದಿಯುವ ನೀರು ಹಿಂದಿನಿಂದ ಮುಂದಕ್ಕೆ ಹೋಗಬೇಕು, ತಣ್ಣಗಾಗಿ ಹಿಂದಕ್ಕೆ ಬರಬೇಕು. ಆ ಪೈಪುಗಳನ್ನು ಜವರಪ್ಪ ಕಾರಿನ ಒಳಗೇ, ಎರಡು ಸೀಟುಗಳ ನಡುವೆ ಒಯ್ದ.

ಅದಕ್ಕೆ ಕಾರಣವಿತ್ತು, ಒಪ್ಪುತ್ತೇನೆ. "ಅಳ್ಳಿಮೈಸೂರು ಕಡೀಕ್ ಓಗಿ ನೋಡಿ. ರೋಡ್ ತುಂಬ ಹುರುಳಿ ಆಸವ್ರೆ, ಗಾಡಿಗ್ಳು ಓಡಾಡಿ ಒಕ್ಕಣೆ ಆಗ್ಲಿ ಅಂತ. ಅಡೀಲಿ ಪೈಪ್ ಬಿಟ್ರೆ ಬಳ್ಳಿ ಸುತ್ಕಂಡು ಕಿತ್ಕಂಡ್ ಓಯ್ತದೆ." ನನ್ನ ತಕರಾರು ಅದಕ್ಕಲ್ಲ. ಒಂದೇ ಉದ್ದನೆಯ ಪೈಪು ಹಾಕುವ ಬದಲು, ಸರಿಯಾಗಿ ಅವಳ ಎಡಗಾಲಿನ ಪಕ್ಕದಲ್ಲಿ ಎರಡು ತುಂಡು ಸೇರಿಸಿ ಕ್ಲಿಪ್ಪು ಬಿಗಿದಿದ್ದ.

"ಇದು ಬಿಚ್ಚಿಕೊಂಡರೆ?" ಎಂದೆ.

"ಜಾಯಿಂಟು ಕಣ್ಣಿಗೆ ಕಾಣ್ಬೇಕು ಮೇಷ್ಟ್ರೇ. ಕಾಣದಂಗೆ ಸೋರುದ್ರೆ ಎಂಜಿನ್ ಸತ್ ಮ್ಯಾಕೆ ಗೊತ್ತಾಯ್ತದೆ. ಕಾಣೋ ನೀರು ಮೋಸ ಮಾಡಾಕಿಲ್ಲ."

"ಅಲ್ಲಿ ಅವಳ ಕಾಲಿರುತ್ತೆ."

"ನಿಮ್ ಕಾಲಲ್ವಲ್ಲ. ಅವಮ್ಮನೇ ಸುಮ್ಕವ್ರೆ, ನಿಮ್ಗ್ಯಾಕೆ ಉರಿ?"

ಶೈಲಜ ನಕ್ಕಳು. ಅವಳಿಗೆ ಅವನೆಂದರೆ ಮೊದಲಿನಿಂದಲೂ ಇಷ್ಟ.

ಅರಕಲಗೂಡಿನಿಂದ ಬರುವಾಗ ಕ್ಲಿಪ್ಪು ಕಳಚಿಕೊಂಡಿತು. ನಾನು ಪಕ್ಕದಲ್ಲಿದ್ದೆ. ಹಬೆಯಲ್ಲಿ ಅವಳ ಮುಖವೂ ಕಾಣಲಿಲ್ಲ. ಕಾರು ರಸ್ತೆ ಬದಿಗೆ ಬಂದು ನಿಲ್ಲುವ ತನಕ ಅವಳು ಕ್ಲಚ್ಚಿನ ಮೇಲಿನ ಕಾಲು ತೆಗೆಯಲಿಲ್ಲ. ಕಾಲ್ಚೀಲ ಬಿಚ್ಚಿದಾಗ ಚರ್ಮವೂ ಜೊತೆಗೇ ಬಂತು.

ಹಾಸನದ ಆಸ್ಪತ್ರೆಯ ಬಾಗಿಲಿಗೆ ಜವರಪ್ಪ ಬಂದ. "ಒಳಗೆ ಕಾಲಿಟ್ಟರೆ ಮುರೀತೀನಿ" ಎಂದೆ. ಅವನು ನಕ್ಕ. ನಕ್ಕ ಎಂದೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಆದರೆ ಬೋಲ್ಟು ಬಿಗಿಯುವಾಗಲೂ ಬಿಸಿಲಿಗೆ ನಿಂತಾಗಲೂ ಅವನ ಬಾಯಿ ಹಾಗೆಯೇ ಓರೆಯಾಗುತ್ತಿತ್ತು. ಅದು ನಗುವೇ ಎಂದು ಆಣೆಯಿಟ್ಟು ಹೇಳಲಾರೆ. ತಪ್ಪಾಯಿತು ಎನ್ನಲಿಲ್ಲ, ಅದಂತೂ ಖಂಡಿತ. "ಕ್ಲಿಪ್ಪು ಲೋಕಲ್ ಮಾಲು ಮೇಷ್ಟ್ರೇ" ಎಂದ. ಅವನ ಎದೆಗೆ ಕೈಯಿಟ್ಟು ಹೊರಕ್ಕೆ ತಳ್ಳಿದೆ. ಮತ್ತೆ ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಶೈಲಜಳ ಪಾದ ಸರಿಯಾಗಿ ಬಾಗದೆ ಉಳಿಯಿತು. ಕ್ಲಚ್ಚು ಒತ್ತಲಾಗದು. ರ‍್ಯಾಲಿಯ ಮಾತು ಅಲ್ಲಿಗೆ ಮುಗಿಯಿತು.

ಹೋದ ತಿಂಗಳು ಜವರಪ್ಪ ತೀರಿಕೊಂಡ. ಹೇಳಲೆಂದು ಚನ್ನರಾಯಪಟ್ಟಣದಲ್ಲಿರುವ ಅವಳ ಮನೆಗೆ ಹೋದರೆ, ಅವಳಿಗೆ ಆಗಲೇ ಗೊತ್ತಿತ್ತು.

"ಒಂದ್ಸಲ ಇಲ್ಲಿಗೆ ಬಂದಿದ್ರು" ಎಂದಳು. ಅದನ್ನು ನನಗೆ ಯಾವತ್ತೂ ಹೇಳಿರಲಿಲ್ಲ.

"ಕ್ಷಮೆ ಕೇಳಿದ್ನಾ?"

"ಇಲ್ಲ. ಕಾಲು ತೋರ್ಸವ್ವ ಅಂದ್ರು. ನೆಲದ ಮೇಲೆ ಕೂತು ತುಂಬ ಹೊತ್ತು ನೋಡಿದ್ರು. ಆಮೇಲೆ ಎದ್ದು, ನನ್ನ ಎದುರಿಗೆ ನಿಂತು, ತಮ್ಮನ್ನೇ ಬೈಕೊಂಡ್ರು. 'ಲೇ ಜವರ, ಒಂದೇ ಪೈಪ್ ಆಕಾಕೆ ಏನ್ಲಾ ರೋಗ ಬಂದಿತ್ತು ನಿಂಗೆ' ಅಂತ."

ನಂಬಬೇಕೋ ಬೇಡವೋ ತಿಳಿಯಲಿಲ್ಲ. ಅವಳು ಯಾವತ್ತೂ ಅವನ ಪರ.

ತಿಥಿಗೆ ಹೋಗಬೇಕು, ಕಾರು ಓಡಿಸು ಎಂದಳು. ಹೊಳೆನರಸೀಪುರದಲ್ಲಿ ಅವನ ಮನೆ ಬಾಗಿಲವರೆಗೂ ಕರೆದುಕೊಂಡು ಹೋದೆ. ಅವಳು ಕಾರಿನ ಬಾಗಿಲು ಹಿಡಿದು ಇಳಿದು, ಕುಂಟುತ್ತ ಒಳಗೆ ಹೋದಳು. ನಾನು ಇಳಿಯಲಿಲ್ಲ.