ಇಪ್ಸ್‌ವಿಚ್‌ನಲ್ಲಿ ಹತ್ತು ದಿನದ ಮಡಿ

ಆಸ್ಟ್ರೇಲಿಯಾದ ಇಪ್ಸ್‌ವಿಚ್‌ನಲ್ಲಿರುವ ಮಗಳ ಮನೆಯ ಹಿತ್ತಿಲಲ್ಲಿ ಒಂದು ಪುಟ್ಟ ಮನೆಯಿದೆ. ಒಂದು ಕೋಣೆ, ಒಂದು ಬಚ್ಚಲು, ಎರಡು ಬರ್ನರಿನ ಒಲೆ. ಇಲ್ಲಿಯವರು ಅದಕ್ಕೆ ಗ್ರ್ಯಾನಿ ಫ್ಲ್ಯಾಟ್ ಅನ್ನುತ್ತಾರೆ. ನಾನು ಬಂದು ಐದು ವರ್ಷವಾದರೂ ಗ್ರ್ಯಾನಿ ಮಾತ್ರ ದೊಡ್ಡ ಮನೆಯಲ್ಲೇ ಇದ್ದಳು. ಫ್ಲ್ಯಾಟಿನಲ್ಲಿ ಹಳೆಯ ಸೈಕಲ್ಲು, ಟೆಂಟು, ಬಾರ್ಬೆಕ್ಯೂ ಒಲೆ ವಾಸವಾಗಿದ್ದವು. ದೇಶದ ಬಾಗಿಲು ತೆರೆದ ಮೇಲಿನ ಮೊದಲ ಜನವರಿಯಲ್ಲಿ, ನಾನು ಮೈಸೂರಿಗೆ ಹೊರಡುವುದಕ್ಕೆ ಹತ್ತು ದಿನ ಮುಂಚೆ, ಮಗಳು ಅದನ್ನೆಲ್ಲ ಗರಾಜಿಗೆ ಸಾಗಿಸಿ ನನ್ನನ್ನು ಅಲ್ಲಿಗೆ ವರ್ಗ ಮಾಡಿದಳು.

ಅವಳು ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ಬ್ರಿಸ್ಬೇನ್ ಸುತ್ತಮುತ್ತ ಆಗ ಕೊರೊನಾ ಮನೆಮನೆಗೂ ನುಗ್ಗಿತ್ತು. ವಿಮಾನ ಹತ್ತುವ ಮೂರು ದಿನದೊಳಗೆ ಮೂಗಿನ ಟೆಸ್ಟ್ ಆಗಬೇಕು, ನೆಗೆಟಿವ್ ಬರಬೇಕು, ಬರದಿದ್ದರೆ ಪ್ರಯಾಣವಿಲ್ಲ. ನನ್ನ ಜೊತೆಗೇ ಹೊರಡಬೇಕಿದ್ದ ಕಾನ್ವೆಂಟ್ ಗೆಳತಿಯೊಬ್ಬಳು ಅಡಿಲೇಡ್‌ನಲ್ಲಿದ್ದಾಳೆ. ಅವಳಿಗೆ ಒಂದು ಕೆಮ್ಮೂ ಇರಲಿಲ್ಲ, ರಿಸಲ್ಟ್ ಮಾತ್ರ ಪಾಸಿಟಿವ್. ಕಟ್ಟಿದ ಸೂಟ್‌ಕೇಸಿನ ಮೇಲೆ ಕುಳಿತು ಫೋನಿನಲ್ಲಿ ಅತ್ತಳು.

ನನಗೆ ಆ ವಿಮಾನ ತಪ್ಪಿಸಿಕೊಳ್ಳುವ ಧೈರ್ಯ ಇರಲಿಲ್ಲ. ಮೈಸೂರಿನಲ್ಲಿ ನನ್ನ ಅತ್ತೆ, ಅಂದರೆ ನಮ್ಮವರ ತಾಯಿ, ಮೈದುನ ಮತ್ತು ಓರಗಿತ್ತಿಯ ಜೊತೆ ಇದ್ದರು. ತೊಂಬತ್ತಮೂರು ವರ್ಷ. ಅವರು ಮಗನನ್ನೂ ನಾನು ಗಂಡನನ್ನೂ ಕಳೆದುಕೊಂಡದ್ದು ಒಂದೇ ದಿನ. ಆಮೇಲೆ ನಾನು ಇಲ್ಲಿಗೆ ಬಂದರೂ ಪ್ರತಿವರ್ಷ ಮೂರು ತಿಂಗಳು ಅವರ ಮಂಚದ ಪಕ್ಕ ಕಳೆಯುತ್ತಿದ್ದೆ. ಎರಡು ವರ್ಷದಿಂದ ಅದಿಲ್ಲ. ಫೋನಿನಲ್ಲಿ ಅವರ ದನಿ ವಾರವಾರಕ್ಕೆ ಸಣ್ಣದಾಗುತ್ತಿತ್ತು, ಕುಚೋದ್ಯ ಮಾತ್ರ ಕಡಿಮೆಯಾಗಿರಲಿಲ್ಲ. "ನೀನು ಬರೋವರೆಗೂ ಬಾರ್ಡರ್ ಕ್ಲೋಸು ಅಂತ ಯಮನಿಗೆ ಹೇಳಿದೀನಿ ಕಣೇ. ಎಷ್ಟು ದಿನ ಕೇಳ್ತಾನೋ, ನಂಗೊತ್ತಿಲ್ಲ."

ಪರ್ತ್‌ನಲ್ಲಿರುವ ಮಗನದು ಬೇರೆ ತಮಾಷೆ. ಅವರ ರಾಜ್ಯ ಇನ್ನೂ ಬಾಗಿಲು ಹಾಕಿಕೊಂಡೇ ಇತ್ತು. "ಅಮ್ಮ, ನೀನು ಮೈಸೂರಿಗೆ ಹೋಗ್ಬೋದು, ಪರ್ತ್‌ಗೆ ಬರಕ್ಕಾಗಲ್ಲ. ನಾವೇ ಈಗ ಫಾರಿನ್ನು!" ಎಂದು ನಗುತ್ತಿದ್ದ. ಅವನ ತಲೆಗೂದಲು ಬೆಳ್ಳಗಾದದ್ದನ್ನು ನಾನು ವಿಡಿಯೋದಲ್ಲೇ ನೋಡಿದ್ದು.

ಫ್ಲ್ಯಾಟಿನ ನಿಯಮಗಳನ್ನು ಮಗಳು ಮೊದಲ ದಿನವೇ ಹೇಳಿದಳು. ತರಕಾರಿ, ಹಾಲು ಮೆಟ್ಟಿಲ ಮೇಲೆ ಇಟ್ಟುಹೋಗುತ್ತಾಳೆ. ನನ್ನ ಅಡುಗೆ ನನ್ನದು, ನನ್ನ ಪಾತ್ರೆ ನನ್ನದು. ಯಾರೂ ಒಳಗೆ ಬರುವಂತಿಲ್ಲ, ನಾನು ಯಾರನ್ನೂ ಮುಟ್ಟುವಂತಿಲ್ಲ. ನಮ್ಮ ಸ್ಕೂಲಿನ ಮದರ್ ಸುಪೀರಿಯರ್ ಇದ್ದಿದ್ದರೆ ಆ ಡಿಸಿಪ್ಲಿನ್ ನೋಡಿ ಮೆಚ್ಚಿಕೊಳ್ಳುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನ ಬಾಗಿಲು ತೆರೆದಿಟ್ಟು ಮಾವಿನಹಣ್ಣು ಹೆಚ್ಚುತ್ತಿದ್ದೆ. ಐದು ವರ್ಷದ ಮೊಮ್ಮಗಳು ಹುಲ್ಲಿನ ಮೇಲೆ ಓಡಿ ಬಂದಳು, ಎರಡೂ ಕೈ ಚಾಚಿಕೊಂಡು. ಇನ್ನೇನು ಸೊಂಟಕ್ಕೆ ಬೀಳಬೇಕು, ಅಷ್ಟರಲ್ಲಿ ನಾನು ಕಿರುಚಿಬಿಟ್ಟೆ.

"ಮುಟ್ಬೇಡ! ದೂರ ನಿಲ್ಲು!"

ಮಗು ಅಲ್ಲೇ ನಿಂತಿತು. ಚಾಚಿದ ಕೈ ಇಳಿಸುವುದು ಮರೆತಿತ್ತು. ಅದಕ್ಕೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಬಟ್ ಅಜ್ಜಿ, ಐ ಹ್ಯಾಡ್ ಎ ಬಾತ್! ಐ ಆಮ್ ಕ್ಲೀನ್!"

ನಾನು ಮಾವಿನ ರಸದ ಕೈಯಲ್ಲೇ ಕುರ್ಚಿಯಲ್ಲಿ ಕುಸಿದೆ. ಆ ದನಿ ನನ್ನದಾಗಿರಲಿಲ್ಲ. ಅತ್ತೆಯದು.

ನನ್ನ ಮದುವೆಯಾದ ವರ್ಷ. ಬಿ.ಎ. ರಿಸಲ್ಟ್ ಪೇಪರಿನಲ್ಲಿ ಬಂದಿತ್ತು, ಫಸ್ಟ್ ಕ್ಲಾಸ್. ಕಾನ್ವೆಂಟಿನಲ್ಲಿ ನಾವು ಹುಡುಗಿಯರು ಸಂತೋಷವಾದರೆ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದೆವು. ಅದೇ ಅಭ್ಯಾಸದಲ್ಲಿ ಅಡುಗೆಮನೆಗೆ ನುಗ್ಗಿ, ಮಡಿಯುಟ್ಟು ದೇವರ ನೈವೇದ್ಯಕ್ಕೆ ಅಕ್ಕಿ ತೊಳೆಯುತ್ತಿದ್ದ ಅತ್ತೆಯನ್ನು ತಬ್ಬಿಕೊಂಡುಬಿಟ್ಟೆ. ಅವರು ಕಂಬದ ಹಾಗೆ ನಿಂತರು. "ಮುಟ್ಬೇಡ, ದೂರ ನಿಲ್ಲು" ಅಂದರು. ಬಚ್ಚಲಿಗೆ ಹೋದರು. ಹಂಡೆಯ ಒಲೆ ಆರಿತ್ತು, ಹೊರಗೆ ಜಡಿಮಳೆ. ತಣ್ಣೀರನ್ನು ಚೊಂಬು ಚೊಂಬಾಗಿ ಹುಯ್ದುಕೊಳ್ಳುವ ಸದ್ದು ನಡುಮನೆಗೆ ಕೇಳುತ್ತಿತ್ತು. ನಾನೇನು ಕೊಳಕೇ, ಎಂದು ದಿಂಬಿಗೆ ಮುಖ ಒತ್ತಿ ಅತ್ತುಬಿಟ್ಟೆ. ಮಧ್ಯಾಹ್ನ ನನ್ನ ಎಲೆಗೆ ದ್ರಾಕ್ಷಿ ಗೋಡಂಬಿ ಹಾಕಿದ ಸಜ್ಜಿಗೆ ಬಿತ್ತು. ಅದನ್ನು ತಿಂದೆ, ಆದರೆ ಕ್ಷಮಿಸಲಿಲ್ಲ.

ಮಡಿಯ ಹೆಸರಿನಲ್ಲಿ ನಮ್ಮ ಮನೆಗಳು ಯಾರ್ಯಾರನ್ನು ಹೊಸಿಲಾಚೆ ನಿಲ್ಲಿಸಿದ್ದವೆಂದು ನನಗೆ ಗೊತ್ತು. ಅದನ್ನು ಒಪ್ಪುವವಳಲ್ಲ. ಅತ್ತೆಯ ಜೊತೆ ಅದಕ್ಕಾಗಿ ಎಷ್ಟೋ ಸಲ ಜಗಳವಾಡಿದ್ದೇನೆ. ಆದರೆ ಅವತ್ತಿನ ಆ ಚೊಂಬಿನ ಸದ್ದು ಬೇರೆಯೇ. ಅದು ವಾದಕ್ಕೆ ಸಿಕ್ಕುತ್ತಿರಲಿಲ್ಲ, ಒಳಗೇ ಉಳಿದುಬಿಟ್ಟಿತ್ತು.

ಆ ಸಂಜೆ ಮೈಸೂರಿಗೆ ಫೋನ್ ಮಾಡಿ ಮೊಮ್ಮಗಳನ್ನು ಗದರಿಸಿದ್ದನ್ನು ಹೇಳಿದೆ. ಅತ್ತೆ ಕೆಮ್ಮು ಬರುವಷ್ಟು ನಕ್ಕರು.

"ಅಯ್ಯೋ, ಕಾನ್ವೆಂಟಿನವಳು ಮಡಿ ಹಿಡಿದಳೇ! ಕೂಸು ಅತ್ತಿತೇನೇ?"

"ಅಳಲಿಲ್ಲ ಅತ್ತೆ. ಸುಮ್ಮನೆ ನಿಂತಿತ್ತು. ಅದಕ್ಕೇ ಸಂಕಟ."

"ಧಾಬಳಿ ಸುತ್ತಿ ಎತ್ಕೊಳ್ಳೇ. ಉಣ್ಣೆಗೆ ಮೈಲಿಗೆ ಇಲ್ಲ. ನಿನ್ನ ಮಕ್ಕಳನ್ನ ನಾನು ಹೇಗೆ ಎತ್ಕೋತಿದ್ದೆ, ಮರೆತ್ಯಾ?"

ಮರೆತೇಬಿಟ್ಟಿದ್ದೆ. ಮಡಿಯಲ್ಲಿದ್ದಾಗ ಮಗು ಅತ್ತರೆ, "ಆ ಬಟ್ಟೆ ಬಿಚ್ಚಿ ಕೊಡೇ ಅದನ್ನ" ಎಂದು ಕೂಗುತ್ತಿದ್ದರು. ಬೆತ್ತಲೆ ಕೂಸು ಮಡಿಗೆ ಅಡ್ಡಿಯಲ್ಲ. ಚಳಿಯಾದರೆ ಧಾಬಳಿ, ಅಂದರೆ ಅವರ ಆ ಚುಚ್ಚುವ ಉಣ್ಣೆಯ ಕಂಬಳಿ. ಎಷ್ಟು ಶಾಸ್ತ್ರವೋ ಅಷ್ಟೇ ಕಳ್ಳದಾರಿಗಳನ್ನೂ ಅವರು ಕಂಡಿಟ್ಟುಕೊಂಡಿದ್ದರು.

"ವೈರಸ್‌ಗೆ ನಿಮ್ಮ ಶಾಸ್ತ್ರ ಗೊತ್ತಿಲ್ಲ ಅತ್ತೆ" ಅಂದೆ.

"ಗೊತ್ತಿಲ್ದಿದ್ರೆ ಹೇಳ್ಕೊಡು. ಬಿ.ಎ. ಮಾಡಿದೀಯಲ್ಲ."

ತಪ್ಪೆಂದು ತಿಳಿದೇ ಮಾಡಿದೆ. ಮಾರನೆಯ ದಿನ ಮೊಮ್ಮಗಳಿಗೆ ಕಿಟಕಿಯಿಂದ ಸನ್ನೆ ಮಾಡಿ, ಪಿಕ್ನಿಕ್ಕಿನ ಉಣ್ಣೆ ಕಂಬಳಿ ತರಲು ಹೇಳಿದೆ. ಬ್ರಿಸ್ಬೇನಿನ ಜನವರಿಯ ಧಗೆಯಲ್ಲಿ, ಮಾಸ್ಕ್ ಹಾಕಿ, ತಲೆಯಿಂದ ಕಾಲಿನವರೆಗೆ ಕಂಬಳಿ ಸುತ್ತಿಕೊಂಡು, ಎಡವುತ್ತ ಬಂದಳು. ನಾನೂ ಮಾಸ್ಕ್ ಹಾಕಿ, ಉಸಿರು ಬಿಗಿಹಿಡಿದು, ಹಿಂದಿನಿಂದ ತಬ್ಬಿಕೊಂಡೆ. ಹತ್ತು ಎಣಿಸುವಷ್ಟು ಹೊತ್ತು. ಕಂಬಳಿಯೊಳಗಿನಿಂದ "ಐ ಆಮ್ ಕುಕಿಂಗ್, ಅಜ್ಜಿ" ಎಂಬ ದನಿ ಬಂತು.

ಡ್ಯೂಟಿಯಿಂದ ಬಂದ ಮಗಳು ಅದನ್ನು ನೋಡಿಬಿಟ್ಟಳು.

"ಅಮ್ಮಾ! ನಾನು ನಿನ್ನ ಕಿಟಕೀನೂ ಮುಟ್ತಿಲ್ಲ, ನೀನು ಇವಳನ್ನ ತಬ್ಕೊಂಡು ನಿಂತಿದೀಯಾ? ಪಾಸಿಟಿವ್ ಬಂದ್ರೆ?"

"ಮುತ್ತಜ್ಜಿ ಸೆಡ್ ವೂಲ್ ಈಸ್ ಓಕೆ" ಎಂದಿತು ಕಂಬಳಿ.

ಮಗಳಿಗೆ ನಗು ಬಂದಿದ್ದು ಮಾಸ್ಕಿನ ಮೇಲಿನ ಕಣ್ಣಲ್ಲಿ ಕಂಡಿತು, ಆದರೂ ಎರಡು ದಿನ ಮಾತು ಬಿಟ್ಟಳು. ನಾನು ಗಂಟೆಗೊಮ್ಮೆ ಉಗುಳು ನುಂಗಿ ಗಂಟಲು ಪರೀಕ್ಷಿಸಿಕೊಂಡೆ. ಹಿಂಗಿನ ಡಬ್ಬಿ ಮೂಸಿ ನೋಡಿದೆ. ಹತ್ತು ಎಣಿಸುವಷ್ಟು ಸುಖಕ್ಕೆ ಅತ್ತೆಯನ್ನೇ ಕಳೆದುಕೊಂಡೆನೋ ಏನೋ ಎಂದು ಹೆದರಿದೆ. ಟೆಸ್ಟ್ ಮಾಡಿಸಿದ ಮರುದಿನ ಬೆಳಿಗ್ಗೆ ಮಗಳು ಹಿತ್ತಿಲು ದಾಟಿ ಓಡಿಬಂದು ಫೋನನ್ನು ಕಿಟಕಿಯ ಗಾಜಿಗೆ ಒತ್ತಿದಳು. ನಾಟ್ ಡಿಟೆಕ್ಟೆಡ್. ಸಿಕ್ಕಿಬೀಳದ ಕಳ್ಳನ ಬಗ್ಗೆ ಬರೆದ ಹಾಗಿತ್ತು. ಆಗ ಮಾತ್ರ ಕೂತು ಅತ್ತುಬಿಟ್ಟೆ.

ವಿಮಾನ ನಿಲ್ದಾಣದಲ್ಲಿ ಮಗಳು ಟ್ರಾಲಿಯ ಆಚೆಯೇ ನಿಂತಳು. "ನಾನು ವಾರ್ಡಿಂದ ಬಂದಿದೀನಿ ಅಮ್ಮ. ಅಜ್ಜಿಗೆ ತೊಂಬತ್ಮೂರು" ಅಂದಳು. ಕೈ ಮುಗಿದಳು. ನಮ್ಮ ಮನೆಯಲ್ಲಿ ಮಡಿ ಯಾರಿಗೆ ಇಳಿದುಬಂದಿದೆಯೆಂದು ಅವತ್ತು ಗೊತ್ತಾಯಿತು.

ಮೈಸೂರಿನಲ್ಲಿ ಮತ್ತೆ ಏಳು ದಿನ ಮಹಡಿಯ ಕೋಣೆ. ಕೆಳಗೆ ಅತ್ತೆ ಕೆಮ್ಮುವುದು, ಓರಗಿತ್ತಿಯನ್ನು ಬೈಯುವುದು ಕೇಳುತ್ತಿತ್ತು. ಎಂಟನೆಯ ದಿನ, ಇನ್ನೊಂದು ಟೆಸ್ಟೂ ಮುಗಿದ ಮೇಲೆ, ಸ್ನಾನ ಮಾಡಿ ಇಳಿದೆ. ಅತ್ತೆ ಆಗತಾನೇ ಮಡಿಯುಟ್ಟು ದೇವರ ಮುಂದೆ ಕುರ್ಚಿಯಲ್ಲಿ ಕುಳಿತಿದ್ದರು. ಎರಡು ವರ್ಷದಲ್ಲಿ ಅರ್ಧವಾಗಿದ್ದರು. ನಾನು ಹಳೆಯ ಅಭ್ಯಾಸದಂತೆ ಹೊಸಿಲಲ್ಲೇ ನಿಂತೆ.

"ಯಾಕೆ ನಿಂತೆ? ಬಾರೇ."

"ಮಡಿಯಲ್ಲಿದೀರಲ್ಲ ಅತ್ತೆ."

"ಇನ್ನೊಂದ್ಸಲ ಸ್ನಾನ ಮಾಡಿದ್ರಾಯ್ತು. ಅವತ್ತೂ ಮಾಡ್ಲಿಲ್ವಾ?"

ಅವರ ಭುಜ ನನ್ನ ಕೈಯೊಳಗೆ ಹಕ್ಕಿಯಷ್ಟಿತ್ತು. ಅವರು ಹತ್ತಕ್ಕೆ ಬಿಡಲಿಲ್ಲ, ನಾನು ಎಣಿಸಲೂ ಇಲ್ಲ. ಹಿಂದೆ ಓರಗಿತ್ತಿ ಮೂಗೊರೆಸಿಕೊಳ್ಳುತ್ತ ಬಚ್ಚಲಿಗೆ ಹೋಗಿ ಗೀಸರ್ ಹಾಕಿದಳು.