ಖಾಲಿ ಇದ್ದ ಕೋಣೆ

ನಾನು ನನ್ನ ಅಕ್ಕನಿಗೆ ಸುಳ್ಳು ಹೇಳಿದೆ. ಹುಮನಾಬಾದಿನ ಹಿರಿಯರ ನಿವಾಸದಲ್ಲಿ ಅವಳಿಗೊಂದು ಕೋಣೆ ಇತ್ತು; ಇಲ್ಲ ಎಂದೆ. ಅದರಿಂದ ಅವಳ ಒಂದು ವರ್ಷಕ್ಕೂ ಮೇಲಿನ ಕಾಲ ಹಾಳಾಯಿತು — ಇಷ್ಟನ್ನು ನೇರವಾಗಿ ಹೇಳುವುದಕ್ಕೂ ನನಗೆ ಇಷ್ಟು ದಿನ ಬೇಕಾಯಿತು.

ಅಕ್ಕ ಶಾಂತಾಬಾಯಿ ಮದುವೆಯಾದವಳಲ್ಲ. ಬಸವಕಲ್ಯಾಣದಲ್ಲಿ ಶಾಲೆ ಟೀಚರ್ ಆಗಿದ್ದು ನಿವೃತ್ತಳಾದಳು. ಗಂಡ ತೀರಿಕೊಂಡ ಮೇಲೆ ನಾನು ಬಂದು ಸೇರಿದ್ದು ಅವಳ ಮನೆಗೇ. ಮುಂದೆ ಅವಳ ಮೊಣಕಾಲು ಸೋತವು, ಕೈ ನಡುಗತೊಡಗಿತು. ಸ್ನಾನ, ಬಟ್ಟೆ, ಗುಳಿಗೆ — ಎಲ್ಲ ನನ್ನ ಪಾಲಿಗೆ ಬಂತು. ನನಗೂ ವಯಸ್ಸಾಗಿತ್ತು. ಅವಳನ್ನು ಎಬ್ಬಿಸಿ ಕೂರಿಸುವಷ್ಟರಲ್ಲಿ ನನ್ನ ಸೊಂಟ ಹಿಡಿದುಕೊಳ್ಳುತ್ತಿತ್ತು.

ಆ ನಿವಾಸದ ಸುದ್ದಿ ತಂದವಳು ಅಕ್ಕನ ಹಳೆಯ ವಿದ್ಯಾರ್ಥಿನಿ. ಅವಳು ಹೋದ ಮೇಲೆ ಅಕ್ಕ ಹೇಳಿದಳು: "ಕಮಲಾ, ನಾನು ಅಲ್ಲಿಗಿ ಹೋಗ್ತೀನಿ. ಸ್ನಾನ ಮಾಡಸ್ಲಾಕ ಹೆಣ್ಮಕ್ಕಳು ಅದಾರಂತ. ಗ್ವಾಡಿಗಿ ಹಿಡ್ಕೊಳ್ಳಾಕ ಕಂಬಿ ಅದಾವಂತ. ನಿನಗೂ ತಕ್ಲೀಫ್ ತಪ್ತದ. ಒಮ್ಮಿ ಕೇಳಿ ನೋಡು."

ನಿವಾಸಕ್ಕೆ ಫೋನ್ ಮಾಡಿ ಕೇಳಿದೆ. "ಹೊಸಾ ಕೋಣಿ ಖಾಲಿ ಅದರಿ, ಕರ್ಕೊಂಡು ಬರ್ರಿ" ಅಂದರು. ಫೋನಿಟ್ಟು ಒಳಗೆ ಹೋದೆ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು.

"ಜಾಗ ಇಲ್ಲಂತ," ಎಂದೆ.

ಯಾಕೆ? ಓಣಿಯವರು ಏನೆಂದಾರು ಎಂಬ ಅಂಜಿಕೆ ಇತ್ತು, ನಿಜ. ಆದರೆ ಅದಷ್ಟೇ ಅಲ್ಲ. ತಂಗಿಯೆಂದರೆ ಹೀಗಿರಬೇಕು ಎಂದು ಅದೇ ಓಣಿ ನನ್ನನ್ನು ಹೊಗಳುತ್ತಿತ್ತು. ಆ ಹೊಗಳಿಕೆಯ ರುಚಿ ಹತ್ತಿತ್ತು ನನಗೆ. ಅಕ್ಕ ಹೋದರೆ ಆ ಓಣಿಯಲ್ಲಿ ನಾನು ಯಾರು?

ಅಕ್ಕ ಮತ್ತೆ ಕೇಳಲಿಲ್ಲ. ನೀರು ಕುಡಿಯುವುದನ್ನು ಮಾತ್ರ ಕಡಿಮೆ ಮಾಡಿದಳು. ನನಗೆ ಗೊತ್ತಾಗಲಿಲ್ಲ... ಅಥವಾ ತಂಬಿಗೆ ತುಂಬಿದಂತೆಯೇ ಉಳಿಯುವುದನ್ನು ಕಂಡೂ ಸುಮ್ಮನಿದ್ದೆನೋ. ಮರುವರ್ಷದ ಬೇಸಿಗೆಯಲ್ಲಿ ಅವಳು ಬಚ್ಚಲ ಬಾಗಿಲಲ್ಲೇ ಕುಸಿದಳು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು: "ನೀರ್ ಯಾಕ ಕುಡಿಯಂಗಿಲ್ರಿ ನೀವು?"

ಅಕ್ಕ ನನ್ನ ಕಡೆ ನೋಡದೆ ಮೆಲ್ಲಗೆ ಅಂದಳು: "ಕುಡದ್ರ ಘಳಿಗಿ ಘಳಿಗಿಗಿ ಏಳ್ಬೇಕಾಗ್ತದರಿ. ನಮ್ಮ ತಂಗಿ ಸೊಂಟ ನೋಯ್ತದ."

ಹೊರಗೆ ಬಂದು ನಿವಾಸಕ್ಕೆ ಫೋನ್ ಮಾಡಿದೆ. ಅದೇ ಹೊಸ ಕೋಣೆ, ಅಲ್ಲಿಯವರೆಗೆ ಯಾರೂ ಬಂದಿರದೆ ಇನ್ನೂ ಖಾಲಿ ಇತ್ತು. ಅಕ್ಕನಿಗೆ ಮಾತ್ರ ಮತ್ತೊಂದು ಸುಳ್ಳು ಹೇಳಿದೆ: "ಈಗ ಒಂದು ಜಾಗ ಖಾಲಿ ಆಗ್ಯಾದಂತ."

ಈಗ ಅವಳು ಗೋಡೆಯ ಕಂಬಿ ಹಿಡಿದು ತಾನೇ ಪಡಸಾಲೆಗೆ ಬರುತ್ತಾಳೆ. ಗುಳಿಗೆ ಹೊತ್ತಿಗೆ ಸರಿಯಾಗಿ ಕೈಗೆ ಬರುತ್ತದೆ. ಪಕ್ಕದ ಕೋಣೆಯ ಜುಬೇದಾಬೇಗಂ ಅವಳಿಂದ ಕನ್ನಡ ಪೇಪರ್ ಓದಿಸಿಕೊಳ್ಳುತ್ತಾರೆ. ಓದುವಾಗ ಅಕ್ಕನದು ಹಳೆಯ ಟೀಚರ್ ದನಿ. ನೀರು ಬೇಕೆಂದಷ್ಟು ಕುಡಿಯುತ್ತಾಳೆ. ನಾನು ಹೋದಾಗ ಎತ್ತುವುದಿಲ್ಲ, ತೊಳೆಯುವುದಿಲ್ಲ, ರೇಗುವುದಿಲ್ಲ — ಅಕ್ಕತಂಗಿಯರು ಸುಮ್ಮನೆ ಕೂತು ಮಾತಾಡುತ್ತೇವೆ. ಎಷ್ಟೋ ವರ್ಷಗಳಿಂದ ಹಾಗೆ ಕೂತಿರಲಿಲ್ಲ.

ಹೋದ ತಿಂಗಳು ಊಟಕ್ಕೆ ಮುಂಚೆ ಅವಳು ಕಣ್ಣು ಮುಚ್ಚಿ ಕೈ ಮುಗಿದದ್ದನ್ನು ಕಂಡೆ. ಯಾರಿಗೆಂದು ಕೇಳಿದೆ.

"ಈ ಕೋಣ್ಯಾಗ ನನಗಿಂತ ಮೊದ್ಲ ಇದ್ದವರಿಗಿ. ಅವರು ತೀರ್ಕೊಂಡಿದ್ದಕ್ಕ ನನಗ ಜಾಗ ಸಿಕ್ತು, ಪಾಪ. ಹೆಸರು ಸುದ್ದಾ ಗೊತ್ತಿಲ್ಲ ನನಗ."

ಆ ದಿನ ಹಾಗೇ ಮನೆಗೆ ಬಂದುಬಿಟ್ಟೆ. ನಿನ್ನೆ ಹೋಗಿ ಎಲ್ಲ ಹೇಳಿದೆ — ಮೊದಲ ಫೋನಿನಿಂದ ಹಿಡಿದು, ಓಣಿಯ ಹೊಗಳಿಕೆಯನ್ನೂ ಬಿಡದೆ. ಅಕ್ಕ ಕೇಳಿದ್ದು ಒಂದೇ:

"ಅಂದ್ರ ಯಾರೂ ಸತ್ತಿಲ್ಲ?"

"ಇಲ್ಲಕ್ಕ."

"ಛಲೋ ಆತು," ಎಂದಳು.

ಊಟದ ಗಂಟೆ ಹೊಡೆಯಿತು. ಅವಳು ಕಂಬಿ ಹಿಡಿದು ಎದ್ದಳು. ನಾನು ಕೈ ಚಾಚಿದೆ, ಹಿಡಿಯಲಿಲ್ಲ. ಉಂಡು ಹೋಗು ಎನ್ನಲೂ ಇಲ್ಲ. ನಾನು ಬಸ್ಸು ಹಿಡಿದು ಬಂದೆ. ಮುಂದಿನ ವಾರ ಮತ್ತೆ ಹೋಗುತ್ತೇನೆ — ಅವಳು ಮಾತಾಡದಿದ್ದರೂ ಅವಳ ಪಕ್ಕ ಕೂತು ಬರುತ್ತೇನೆ.