ಸೌದೆ ಮರ ತೊಲೆಯಾದದ್ದು

ಭದ್ರಾವತಿಯ ಹಳೇನಗರದಲ್ಲಿ ಜಲಜಮ್ಮನ ಸಾಮಿಲ್ಲು ಎಂದರೆ ಯಾರು ಬೇಕಾದರೂ ದಾರಿ ತೋರಿಸುತ್ತಾರೆ. ಗಂಡ ತೀರಿಕೊಂಡ ವರ್ಷವೇ ಸೆರಗು ಬಿಗಿದು ಗರಗಸದ ಮುಂದೆ ನಿಂತ ಹೆಂಗಸು ಆಕೆ. ಕಾಗದದ ಕಾರ್ಖಾನೆ ನಿಂತ ಮೇಲೆ ಸುತ್ತಲಿನ ರೈತರ ಅಕೇಶಿಯಾ ಮರವನ್ನು ಕೇಳುವವರು ಕಡಿಮೆಯಾದರು. ಒಲೆಗೆ, ಇಟ್ಟಿಗೆ ಗೂಡಿಗೆ ಹೋದರೆ ಹೋಯಿತು. ಆದರೆ ಅದನ್ನು ಕೊಯ್ಯುವಾಗ ಗರಗಸದ ಹಲ್ಲು ಮೊಂಡಾಗುವುದನ್ನು ಜಲಜಮ್ಮ ದಿನವೂ ನೋಡುತ್ತಿದ್ದಳು. ಇಷ್ಟು ಗಟ್ಟಿ ಮರವನ್ನು ಸುಡುವುದಕ್ಕೆ ಅವಳಿಗೆ ಮನಸ್ಸೇ ಬರಲಿಲ್ಲ.

ಹೊಳೆಹೊನ್ನೂರಿನ ಮಹಿಳಾ ಸಂಘದವರು ತಮ್ಮ ಸಭಾಭವನದ ಹೆಂಚಿನ ಮಾಡಿಗೆ ಮರ ಕೇಳಿಕೊಂಡು ಬಂದಾಗ, ಅಕೇಶಿಯಾ ತೊಲೆ ಹಾಕಿಸಿ ಎಂದಳು. ಜೊತೆಗೆ ಬಂದಿದ್ದ ಕಂಟ್ರಾಕ್ಟರ್ ಉಜ್ಜನಪ್ಪ ನಕ್ಕುಬಿಟ್ಟ.

"ಏನ್ ಜಲಜಮ್ಮಾರೇ, ಸೌದೆ ಕೆಳಗೆ ಜನರನ್ನ ಕೂರಿಸ್ತೀರಾ? ಬಿದ್ರೆ ನನ್ನ ಹಿಡ್ಕೊಳ್ತಾರೆ."

"ಬೀಳುತ್ತೋ ಇಲ್ವೋ ನೋಡ್ಕೊಂಡೇ ಬರ್ತೀನಿ, ತಡಿ ಮಾರಾಯ."

ಶಿವಮೊಗ್ಗದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುವ ಬಿಂದುಶ್ರೀ, ಪ್ರಯೋಗಾಲಯದ ಯಂತ್ರದಲ್ಲಿ ಅವಳ ಮರ ಪರೀಕ್ಷಿಸಲು ಒಪ್ಪಿದಳು. ಎರಡು ಆಸರೆಗಳ ಮೇಲೆ ತುಂಡನ್ನು ಅಡ್ಡ ಇಟ್ಟು, ನಡುವೆ ಭಾರ ಹೇರುತ್ತಾ ಹೋಗುವುದು. ಅಕೇಶಿಯಾ ಬೇಗನೇ ಬಾಗಿ ಮುರಿಯಿತು. ಜಲಜಮ್ಮನ ಮುಖ ಬಾಡಿತು. ಬಿಂದುಶ್ರೀ ಮುರಿದ ಕಡೆ ಬೆರಳಾಡಿಸಿದಳು.

"ಒಳಗಿನ್ನೂ ಹಸಿ ಇದೆ ಅಮ್ಮ. ಅವಸರ ಮಾಡಿದ್ವಿ. ಚೆನ್ನಾಗಿ ಒಣಗಿಸಿ ತನ್ನಿ."

ಊರಿಗೆ ಬಂದು ಜಲಜಮ್ಮ ತೊಲೆಗಳ ನಡುವೆ ಗಾಳಿಯಾಡಲು ರೀಪು ಪಟ್ಟಿ ಕೊಟ್ಟು, ನೆರಳಲ್ಲಿ ಅಟ್ಟಿ ಹಾಕಿದಳು. ಸೀಳದಿರಲೆಂದು ತುದಿಗಳಿಗೆ ಬಣ್ಣ ಬಳಿದಳು. "ಹಪ್ಪಳ ಒಣಗಿಸ್ತಿದೀರಾ?" ಎಂದು ಉಜ್ಜನಪ್ಪ ಹೋಗುತ್ತಾ ಬರುತ್ತಾ ಛೇಡಿಸಿದ. ಕೆಲವು ತೊಲೆ ತಿರುಚಿಕೊಂಡವು, ಕೆಲವಕ್ಕೆ ಗಂಟಿತ್ತು. ಅಂಥವನ್ನೆಲ್ಲ ತಾನೇ ಆರಿಸಿ ಒಲೆಗೆ ಕಳಿಸಿದಳು. ಹುಳು ಹಿಡಿಯುವ ಬಿಳಿ ಅಂಚನ್ನು ಕೊಯ್ದು, ಕೆಂಚು ತಿರುಳನ್ನಷ್ಟೇ ಉಳಿಸಿಕೊಂಡಳು.

ಬೇಸಿಗೆ ಕಳೆದ ಮೇಲೆ ಮತ್ತೆ ಶಿವಮೊಗ್ಗ. ಈ ಸಲ ಉಜ್ಜನಪ್ಪನೂ ಬಂದ. ಅವನೇ ತಂದ, ಅದೇ ಅಳತೆಯ ತೇಗದ ತುಂಡನ್ನು ಮೊದಲು ಇಟ್ಟರು. ಅದು ಮುರಿದ ಭಾರವನ್ನು ಬಿಂದುಶ್ರೀ ಗೋಡೆಯ ಕರಿಹಲಗೆಯ ಮೇಲೆ ಬರೆದಳು. ಆಮೇಲೆ ಅಕೇಶಿಯಾ. ಮಾಡಿಗೆ ಬೇಕಾದ ಭಾರ ಯಾವಾಗಲೋ ದಾಟಿತು. ಮರ ಕಿರ್ರೆಂದಿತು, ಬಾಗಿತು, ಮುರಿಯಲಿಲ್ಲ. ಹಲಗೆಯ ಮೇಲಿನ ಅಂಕಿಯನ್ನೂ ದಾಟಿದ ಮೇಲೆಯೇ ಫಟ್ಟೆಂದಿತು. ಉಳಿದ ಅಕೇಶಿಯಾ ತುಂಡುಗಳಲ್ಲಿ ಒಂದೆರಡು ತೇಗಕ್ಕಿಂತ ತುಸು ಕೆಳಗೆ ನಿಂತವು, ಮಿಕ್ಕವು ಸರಿಸಮ.

ಉಜ್ಜನಪ್ಪ ಮುರಿದ ತುಂಡನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದ. "ಯಾವತ್ತು ಲೋಡ್ ಕಳಿಸ್ತೀರಿ ಅಕ್ಕಾ?" ಎಂದ.

ಸಭಾಭವನದ ತೊಲೆ ಏರಿದ ದಿನ ಕೆಲಸದವರೆಲ್ಲ ಅದರ ಮೇಲೆ ನಿಂತು ಹೆಂಚು ಜೋಡಿಸುತ್ತಿದ್ದರು. ಜಲಜಮ್ಮ ನಿರಿಗೆ ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿಯೇಬಿಟ್ಟಳು.

"ಇಳೀರಿ ಮಾರಾಯ್ತಿ, ವಯಸ್ಸಾಯ್ತು!" ಎಂದು ಸಂಘದ ಹೆಂಗಸರು ಕೆಳಗಿನಿಂದ ಕೂಗಿದರು.

"ವಯಸ್ಸು ನಂಗಾಗಿರೋದು, ತೊಲೆಗಲ್ಲ," ಎಂದು ನಗುತ್ತಾ ಅವಳು ನಡುತೊಲೆಯ ಮೇಲೆ ಕಾಲು ಇಳಿಬಿಟ್ಟು ಕೂತಳು. ಅಲ್ಲಿಂದ ಭದ್ರಾ ಹೊಳೆ ಕಾಣುತ್ತಿತ್ತು.